ನನ್ನ ನಲ್ಲಿ, ಅವರ ಅಜ್ಜಿ: ಫಿಲ್ಮ್ ತೊಳೆಯುವ ಅಂಗಡಿಯ ಮಾಲೀಕರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಈ ಊರಿನಲ್ಲಿ ಇಂದಿಗೂ ಫಿಲ್ಮ್ ರೋಲು ತೊಳೆದುಕೊಡುವ ಏಕೈಕ ಕಲರ್ ಲ್ಯಾಬಿನ ಮಾಲೀಕರೂ, ಕತ್ತಲ ಕೋಣೆಯ ಕೊನೆಯ ದೀಪವೂ, ನನ್ನಂಥ ಹಳೆಯ ಕ್ಯಾಮೆರಾದವರ ಪಾಲಿನ ಆಪದ್ಬಾಂಧವರೂ ಆದ ತಮಗೆ ಅನಂತ ವಂದನೆಗಳು. ತಾವೂ, ತಮ್ಮ ಯಂತ್ರಗಳೂ, ಕನ್ನಡಕವನ್ನು ಸದಾ ಹಣೆಯ ಮೇಲೇ ಇಟ್ಟುಕೊಂಡು ಕಣ್ಣಿನ ಮಟ್ಟಕ್ಕೆ ಎಂದೂ ಇಳಿಸದ ತಮ್ಮ ಕೌಂಟರಿನ ಮಹನೀಯರೂ ಕ್ಷೇಮವೆಂದು ನಂಬಿದ್ದೇನೆ. ಇತ್ತ ನಾನು ಅಷ್ಟೇನೂ ಕ್ಷೇಮವಾಗಿಲ್ಲ. ಅದಕ್ಕೆ ತಾವೇ ಕಾರಣರಾದ್ದರಿಂದ ಈ ಪತ್ರವನ್ನು ತಮಗಲ್ಲದೆ ಇನ್ನಾರಿಗೆ ಬರೆಯಲಿ?

ಮೊದಲು ನನ್ನ ಪರಿಚಯ. ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಇಪ್ಪತ್ತೊಂಬತ್ತು ವರ್ಷಗಳಿಂದ ಬೇರೆಯವರ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಹೊಟ್ಟೆ ಹೊರೆದವನು. ರಜೆಯ ದಿನಗಳಲ್ಲಿ ಮಾತ್ರ ನಾನು ಕಲಾವಿದ. ನನ್ನ ಬಳಿ ಬ್ಯಾಟರಿಯ ಹಂಗಿಲ್ಲದ, ಇಟ್ಟಿಗೆಯಷ್ಟು ತೂಗುವ, ಶಟರು ಬಿದ್ದರೆ ಪಕ್ಕದ ಮನೆಯವರು ಬಾಗಿಲು ತೆರೆದು ನೋಡುವಂಥ ಒಂದು ಹಳೆಯ ಕ್ಯಾಮೆರಾ ಇದೆ. ಅದಕ್ಕೆ ಐವತ್ತು ಮಿಲಿಮೀಟರಿನ ಒಂದೇ ಒಂದು ಲೆನ್ಸು. ಇನ್ನೊಂದು ಲೆನ್ಸು ಬೇಕೆಂದು ನನಗೆ ಎಂದೂ ಅನ್ನಿಸಿಲ್ಲ. ದೂರದ್ದು ಬೇಕಾದರೆ ನಾನೇ ನಡೆದು ಹೋಗುತ್ತೇನೆ, ಹತ್ತಿರದ್ದು ಬೇಡವಾದರೆ ನಾನೇ ಹಿಂದೆ ಸರಿಯುತ್ತೇನೆ. ಮೊಬೈಲಿನವರು ಮೊದಲು ತೆಗೆದು ಆಮೇಲೆ ನೋಡುತ್ತಾರೆ, ನಾವು ಫಿಲ್ಮಿನವರು ಮೊದಲು ನೋಡಿ ಆಮೇಲೆ ತೆಗೆಯುತ್ತೇವೆ, ಒಂದು ರೋಲಿನಲ್ಲಿ ಮೂವತ್ತಾರೇ ಚಿತ್ರಗಳಿರುವುದರಿಂದ ಪ್ರತಿಯೊಂದಕ್ಕೂ ಮೂವತ್ತಾರು ಸಲ ಯೋಚಿಸುತ್ತೇವೆ ಎಂದು ನಾನು ಕಂಡಕಂಡವರಿಗೆಲ್ಲ ಹೇಳುತ್ತ ಬಂದಿದ್ದೇನೆ. ನನ್ನ ಹೆಂಡತಿ ಅದನ್ನು ಎಷ್ಟು ಸಲ ಕೇಳಿದ್ದಾಳೆಂದರೆ, ಈಗ ನಾನು ಶುರು ಮಾಡುತ್ತಿದ್ದಂತೆ ಅವಳೇ ಮುಗಿಸುತ್ತಾಳೆ.

ಅವಳು ಮಕ್ಕಳ ಕ್ಲಿನಿಕ್ಕಿನಲ್ಲಿ ನರ್ಸು. "ಏನೂ ನೋವಾಗಲ್ಲ ಪುಟ್ಟಾ" ಎನ್ನುತ್ತಲೇ ಸೂಜಿ ಚುಚ್ಚುವುದು ಅವಳ ಕಸುಬು, ಅದೇ ದನಿಯಲ್ಲಿ ಮನೆಯಲ್ಲಿ ಮಾತನಾಡುವುದು ಅಭ್ಯಾಸ. ನನ್ನ ಹನ್ನೊಂದು ಆಲ್ಬಮ್ಮುಗಳನ್ನು ಒಂದು ದಿನ ತಾಳ್ಮೆಯಿಂದ ತಿರುವಿಹಾಕಿ, "ಎಲ್ಲಾ ಚೆನ್ನಾಗಿದೆ ಕಣ್ರೀ. ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು, ಈ ಮನೇಲಿ ನಲ್ಲಿಗಳಿಗಿರೋವಷ್ಟು ಫೋಟೋ ನನಗಿಲ್ಲ ಅನ್ನೋದೊಂದು ಬಿಟ್ರೆ" ಎಂದಳು. ನಾನು ಮನುಷ್ಯರ ಚಿತ್ರ ತೆಗೆಯುವುದಿಲ್ಲವೆಂಬುದು ನಿಜ. ಮನುಷ್ಯರು ಅಲ್ಲಾಡುತ್ತಾರೆ, ಕಣ್ಣು ಮುಚ್ಚುತ್ತಾರೆ, ಬೆಳಕು ಸರಿಯಾದ ಕ್ಷಣಕ್ಕೆ ಸೀನುತ್ತಾರೆ. ಕರಡಿನಲ್ಲಿ ತಪ್ಪಿದ್ದರೆ ತಿದ್ದಬಹುದು. ಫಿಲ್ಮಿನಲ್ಲಿ ಕಣ್ಣು ಮುಚ್ಚಿದವರ ರೆಪ್ಪೆಯನ್ನು ಯಾವ ಶಾಯಿಯಿಂದ ತೆರೆಸಲಿ? ಆದ್ದರಿಂದ ನಾನು ಗೋಡೆ, ಮೆಟ್ಟಿಲು, ಕಿಟಕಿಯ ಸರಳು, ನೀರಿನ ಪೈಪು ಇತ್ಯಾದಿ ಸಭ್ಯ ವಸ್ತುಗಳನ್ನೇ ನೆಚ್ಚಿಕೊಂಡೆ.

ಇಂಥ ನಾನು ನಮ್ಮ ಛಾಯಾಗ್ರಾಹಕರ ಸಂಘದ ವಾರ್ಷಿಕ ಸ್ಪರ್ಧೆಗೆ ಇಪ್ಪತ್ತೊಂದು ವರ್ಷ ಬಿಡದೆ ಚಿತ್ರ ಕಳುಹಿಸಿದ್ದೇನೆ. ಇಪ್ಪತ್ತೊಂದು ವರ್ಷವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಒಮ್ಮೆ ಮಾತ್ರ ಭಾಗವಹಿಸಿದ್ದಕ್ಕೊಂದು ಪ್ರಮಾಣಪತ್ರ ಬಂದಿತ್ತು. ಅದರಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದುದರಿಂದ ತಿದ್ದಿ ವಾಪಸು ಕಳುಹಿಸಿದೆ. ಅದು ಮರಳಿ ಬರಲಿಲ್ಲ.

ಈ ವರ್ಷ ನನಗೆ ಗೆಲ್ಲುವ ಭರವಸೆ ಇತ್ತು. ನಮ್ಮ ಹಿತ್ತಲ ನಲ್ಲಿಯ ಮೇಲೆ ಬೆಳಗಿನ ಹನ್ನೊಂದು ನಲವತ್ತಕ್ಕೆ ಗೋಡೆಯ ನೆರಳು ಅಡ್ಡಲಾಗಿ ಬೀಳುವ ಗಳಿಗೆಯನ್ನು ನಾಲ್ಕು ಭಾನುವಾರ ಕಾದು ಹಿಡಿದಿದ್ದೆ. ಅದಕ್ಕೆ 'ಮೌನ–೭' ಎಂದು ಹೆಸರಿಟ್ಟೆ. ಮೊದಲಿನ ಆರು ಮೌನಗಳು ಮೆಟ್ಟಿಲುಗಳು. ಮುದ್ರಣಾಲಯದಲ್ಲಿ ಒಂದು ನಿಘಂಟಿನ ಕೊನೆಯ ಕರಡು ಬಂದು ಬಿದ್ದಿದ್ದರಿಂದ ಓಡಾಡಲು ಪುರುಸೊತ್ತಿರಲಿಲ್ಲ. ತಮ್ಮ ಕೌಂಟರಿನ ಮಹನೀಯರ ಕೈಗೆ ರೋಲು ಕೊಟ್ಟು, "ಇಪ್ಪತ್ಮೂರನೇ ಚಿತ್ರಾನ ದೊಡ್ಡದು ಮಾಡಿ, ಈ ಹೆಸರಿನ ಚೀಟಿ ಅಂಟಿಸಿ, ಶುಕ್ರವಾರದೊಳಗೆ ನೇರ ಸಂಘದ ಹಾಲಿಗೆ ಕಳಿಸಿಬಿಡಿ" ಎಂದೆ. "ಪ್ರಿಂಟ್ ಒಂದ್ಸಲ ನೋಡಲ್ವಾ ಸಾರ್?" ಎಂದು ಅವರು ಕೇಳಿದ್ದು ನಿಜ. ನೋಡಿಯೇ ತೆಗೆದವನಿಗೆ ತೆಗೆದ ಮೇಲೆ ನೋಡುವ ಅಗತ್ಯವಿಲ್ಲವೆಂದು ನಾನು ಎದೆಯುಬ್ಬಿಸಿ ಹೇಳಿದ್ದೂ ನಿಜ. ಈ ಒಂದು ವಾಕ್ಯವನ್ನು ನನ್ನ ವಿರುದ್ಧ ಬಳಸಿಕೊಳ್ಳಬಾರದೆಂದು ಕೈಮುಗಿದು ಕೋರುತ್ತೇನೆ.

ಶನಿವಾರ ತಮ್ಮ ಲಕೋಟೆ ಮನೆಗೆ ಬಂತು. ನಾನು ಸ್ನಾನ ಮಾಡುತ್ತಿದ್ದೆ. ಹೊರಗಿನಿಂದ ಹೆಂಡತಿಯ ನಗು ಕೇಳಿಸಿತು. ಅವಳು ನನ್ನ ಚಿತ್ರಗಳನ್ನು ನೋಡಿ ಈವರೆಗೆ ನಿಟ್ಟುಸಿರು ಬಿಟ್ಟದ್ದುಂಟು, ಆಕಳಿಸಿದ್ದುಂಟು, ನಕ್ಕದ್ದಿಲ್ಲ. ಟವೆಲು ಸುತ್ತಿಕೊಂಡೇ ಓಡಿಬಂದು ನೋಡಿದರೆ ಮೇಜಿನ ತುಂಬ ಯಾರೋ ಅಪರಿಚಿತರು. ಮೂವತ್ತಾರು ಚಿತ್ರಗಳಲ್ಲಿ ಒಂದು ನಲ್ಲಿಯೂ ಇಲ್ಲ! ಒಬ್ಬ ಗಂಡಸಿನ ಮುಕ್ಕಾಲು ಮುಖ, ಯಾರದೋ ಮೊಣಕೈ, ಓರೆಯಾದ ಬೀದಿ, ಸೈಕಲ್ಲಿನ ಪೆಡಲು ತುಳಿಯುತ್ತಿರುವ ಒಂದು ಕಾಲು ಮಾತ್ರ. ಎಲ್ಲದರ ಮೂಲೆಯಲ್ಲೂ ತೆಗೆದವರ ಹೆಬ್ಬೆರಳು ಕೆಂಪಗೆ ಹಾಜರಿ ಹಾಕಿತ್ತು. ನೋಡುವ ಕಿಂಡಿ ಬೇರೆ, ಲೆನ್ಸು ಬೇರೆ ಇರುವ ಪುಟ್ಟ ಕ್ಯಾಮೆರಾಗಳಲ್ಲಿ ಬೆರಳು ಅಡ್ಡ ಬಂದರೂ ತೆಗೆಯುವವರಿಗೆ ಕಾಣುವುದಿಲ್ಲ ಎಂದು ನಾನು ಹೆಂಡತಿಗೆ ವಿವರಿಸುತ್ತಿದ್ದೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಇಪ್ಪತ್ಮೂರನೆಯದನ್ನು ಕೈಯಲ್ಲಿ ಹಿಡಿದಿದ್ದಳು. ಅದರಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಮಕ್ಕಳ ಮೂರು ಗಾಲಿಯ ಸೈಕಲ್ಲಿನ ಮೇಲೆ ಕುಳಿತು, ಒಂದೂ ಹಲ್ಲಿಲ್ಲದ ಬಾಯನ್ನು ಪೂರ್ತಿ ತೆರೆದು, ಕತ್ತು ಹಿಂದಕ್ಕೆ ಚೆಲ್ಲಿ ನಗುತ್ತಿದ್ದರು. ಹಿಂದೆ ನಿಂತವರಿಗೆ ತಲೆ ಇರಲಿಲ್ಲ.

ನಾನು ಅದೇ ಉಸಿರಿನಲ್ಲಿ ತಮ್ಮ ಅಂಗಡಿಗೆ ಧಾವಿಸಿದೆ. ತಾವು ಇರಲಿಲ್ಲ. ಕೌಂಟರಿನ ಮಹನೀಯರು ಲಕೋಟೆಯ ನಂಬರನ್ನೂ ನನ್ನ ಚೀಟಿಯ ನಂಬರನ್ನೂ ಎರಡೆರಡು ಸಲ ತಾಳೆ ನೋಡಿ, "ನಂಬರ್ ಸರಿ ಇದೆಯಲ್ಲ ಸಾರ್" ಎಂದರು. ಚಿತ್ರಗಳು ನನ್ನವಲ್ಲ ಎಂದೆ. ಅವರು ನನ್ನನ್ನು ಕರುಣೆಯಿಂದ ನೋಡಿ, "ಚೆನ್ನಾಗಿ ನೆನಪು ಮಾಡ್ಕೊಳ್ಳಿ ಸಾರ್. ನೀವೇ ತೆಗೆದಿರ್ತೀರ" ಎಂದರು. ಮಾನ್ಯರೇ, ಇಂಥ ಅಚಲ ನಂಬಿಕೆಯ ಮುಂದೆ ನನ್ನ ನೆನಪಿನ ಶಕ್ತಿ ಎಷ್ಟರದು? ಹೊರಗೆ ಬಂದು ರಸ್ತೆಯಲ್ಲಿ ನಿಂತು ಒಂದು ನಿಮಿಷ ನಾನು ನಿಜಕ್ಕೂ ನೆನಪು ಮಾಡಿಕೊಂಡೆ.

ಮರುದಿನ ಬೆಳಿಗ್ಗೆ ಸಂಘದ ಕಾರ್ಯದರ್ಶಿಗಳ ಫೋನು ಬಂತು. ಇವರು ನಿವೃತ್ತ ಸರ್ವೇಯರು. ಊರನ್ನೆಲ್ಲ ಅಳೆದು ಮುಗಿಸಿ ಈಗ ನಿಯಮಾವಳಿಯನ್ನು ಅಳೆಯುತ್ತಿದ್ದಾರೆ. "ಮೊದಲನೇ ಬಹುಮಾನ ನಿಮಗೇ ಕಣ್ರೀ. ತೀರ್ಪುಗಾರರು ಅರ್ಧ ಗಂಟೆ ಅದರ ಮುಂದೇನೇ ನಿಂತಿದ್ರು. ಹೊರಡಿ, ಹೊರಡಿ" ಎಂದರು. ನಲ್ಲಿಯ ಮುಂದೆ ಅರ್ಧ ಗಂಟೆ ನಿಲ್ಲಬಲ್ಲವರು ಜಗತ್ತಿನಲ್ಲಿ ನನ್ನನ್ನು ಬಿಟ್ಟು ಇನ್ನೊಬ್ಬರಿದ್ದಾರೆಂದು ಹೊಸ ಅಂಗಿ ತೊಟ್ಟು ಹೊರಟೆ. ಅದಲುಬದಲಾದದ್ದು ಮನೆಗೆ ಬಂದ ಲಕೋಟೆ ಮಾತ್ರ ಎಂದೇ ನಾನು ನಂಬಿದ್ದೆ. ಹಾಲಿನ ಬಾಗಿಲು ದಾಟಿ ತಲೆಯೆತ್ತಿದರೆ, ಎದುರು ಗೋಡೆಯಲ್ಲಿ ಆಳೆತ್ತರಕ್ಕೆ ಅಜ್ಜಿ. ಕೆಳಗೆ ನನ್ನದೇ ದುಂಡಗಿನ ಅಕ್ಷರದ ಚೀಟಿ: 'ಮೌನ–೭'.

ತೀರ್ಪುಗಾರರು ಗಡ್ಡ ನೀವಿಕೊಳ್ಳುತ್ತ ಮಾತನಾಡಿದರು. "ಇಷ್ಟು ದೊಡ್ಡ ನಗೂಗೆ 'ಮೌನ' ಅಂತ ಹೆಸರಿಟ್ಟಿದಾರಲ್ಲ, ಆ ಧೈರ್ಯ ನೋಡಿ! ಏಳು ಅಂದ್ರೆ ಏಳು ಸ್ವರ. ಹಿಂದಿರೋರ ತಲೆ ತೆಗೆದುಹಾಕಿದಾರೆ, ಯಾಕೆ? ನಗೋದಕ್ಕೆ ತಲೆ ಅಡ್ಡಿ ಅಂತ. ಮೂಲೇಲಿ ತಮ್ಮ ಹೆಬ್ಬೆರಳು ಬಿಟ್ಟಿದಾರೆ, ಯಾಕೆ? ಈ ಸಂತೋಷಕ್ಕೆ ನಾನೇ ಸಾಕ್ಷಿ ಅಂತ ಹೆಬ್ಬೆಟ್ಟು ಒತ್ತಿದಾರೆ!" ಜನ ಚಪ್ಪಾಳೆ ತಟ್ಟಿದರು. ನನ್ನನ್ನು ವೇದಿಕೆಗೆ ಕರೆದರು.

ಇಲ್ಲಿ ನಾನು ಒಂದು ವಿಷಯವನ್ನು ಮರೆಮಾಚದೆ ಹೇಳಬೇಕು. ವೇದಿಕೆಯ ಮೂರು ಮೆಟ್ಟಿಲು ಹತ್ತುವಾಗ ಸತ್ಯ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಕೈಗೆ ಬಹುಮಾನದ ಕಪ್ಪು ಕೊಟ್ಟರು. ಅದು ಭಾರವಾಗಿತ್ತು, ತಣ್ಣಗಿತ್ತು, ಇಪ್ಪತ್ತೊಂದು ವರ್ಷ ತಡವಾಗಿತ್ತು. ಬಾಯಿ ತೆರೆದೆ. "ಧನ್ಯವಾದ" ಎಂಬ ಪದ ಹೊರಬಿತ್ತು. ಅದರ ಹಿಂದೆ ಇನ್ನೇನೂ ಬರಲಿಲ್ಲ.

ಮನೆಗೆ ಬಂದಾಗ ಹೆಂಡತಿ ಕಪ್ಪನ್ನು ನೋಡಿದಳು, ನನ್ನನ್ನು ನೋಡಿದಳು. "ಹೇಳಿದ್ರಾ?" ಎಂದಳು. ಸಮಯ ಸಿಗಲಿಲ್ಲ ಎಂದೆ. ಅವಳು ಅಜ್ಜಿಯ ಚಿಕ್ಕ ಪ್ರಿಂಟನ್ನು ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಅಂದಿನಿಂದ ನಾನು ಒಂದು ಲೋಟ ತಣ್ಣೀರು ಬೇಕೆಂದರೂ ಆ ಬೋಳು ಬಾಯಿಯ ಅಪ್ಪಣೆ ಪಡೆಯಬೇಕಾಯಿತು.

ತಾವು ಮಾಡಿದ ತಪ್ಪು ಒಂದೇ, ಮಾನ್ಯರೇ. ಅದನ್ನು ಸಾಕಿ ಸಲಹಿ ಮರಿ ಹಾಕಿಸಿದ್ದು ನಾನು. ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಿಂದ ನನ್ನ ಜೊತೆಗಿರುವ, ಯಂತ್ರ ನಡೆಸುವವರು, "ಆ ಅಜ್ಜಿ ಯಾರಪ್ಪಾ? ನೋಡಿದ್ರೆ ನಿನ್ನ ಮೂಗೇ ಇದೆಯಲ್ಲ" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನಾನು ಮೂಗು ಮುಟ್ಟಿಕೊಂಡು, "ನಮ್ಮ ದೊಡ್ಡಮ್ಮ" ಎಂದುಬಿಟ್ಟೆ. ನನಗೆ ದೊಡ್ಡಮ್ಮ ಇಲ್ಲ. ನನ್ನ ತಾಯಿಯೇ ಹಿರಿಯ ಮಗಳು, ತಂದೆಯೇ ಹಿರಿಯ ಮಗ. ಸಂಘದ ಮಾಸಿಕ ಪತ್ರಿಕೆ ನಮ್ಮಲ್ಲೇ ಅಚ್ಚಾಗುವುದರಿಂದ ಆ ಮಾತು ಗುರುವಾರದೊಳಗೆ ಅಲ್ಲಿಗೆ ತಲುಪಿತು. ಅದರ ಕರಡು ಶುಕ್ರವಾರ ನನ್ನದೇ ಮೇಜಿಗೆ ಬಂತು. 'ಪ್ರಶಸ್ತಿ ಪಡೆದ ಚಿತ್ರದಲ್ಲಿರುವವರು ಛಾಯಾಗ್ರಾಹಕರ ಪ್ರೀತಿಯ ದೊಡ್ಡಮ್ಮ.' ಕೆಂಪು ಪೆನ್ನು ಹಿಡಿದು ಆ ಸಾಲನ್ನು ನಾಲ್ಕು ಸಲ ಓದಿದೆ. ಕಾಗುಣಿತ ಸರಿ, ಒತ್ತಕ್ಷರ ಸರಿ, ಪೂರ್ಣವಿರಾಮವೂ ಸರಿ. ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ, ಇಡೀ ವಾಕ್ಯವೇ ಸುಳ್ಳಾಗಿತ್ತು. ಸರಿಯಿದೆ ಎಂದು ಸಹಿ ಹಾಕಿ ಕಳುಹಿಸಿದೆ. ಮುನ್ನೂರು ಪ್ರತಿ ಅಚ್ಚಾಯಿತು.

ಅದೇ ಪತ್ರಿಕೆಯ ಹಿಂಬದಿಯಲ್ಲಿ, ಮುಂದಿನ ಭಾನುವಾರ ಮಧ್ಯಾಹ್ನ 'ಮನುಷ್ಯರ ಮುಖ: ನನ್ನ ವಿಧಾನ' ಎಂಬ ವಿಷಯವಾಗಿ ನಾನು ಉಪನ್ಯಾಸ ನೀಡುತ್ತೇನೆಂದೂ ಇತ್ತು. ನನ್ನ ವಿಧಾನವೆಂದರೆ ಮನುಷ್ಯರು ಬಂದರೆ ಅವರು ಹಾದುಹೋಗುವವರೆಗೆ ಕಾಯುವುದು. ಅದನ್ನು ಒಂದು ಗಂಟೆ ಎಳೆಯುವುದು ಹೇಗೆಂದು ಯೋಚಿಸುತ್ತ ಕುಳಿತಿದ್ದಾಗ ಹೆಂಡತಿ ಎದುರಿಗೆ ಬಂದು ಕುಳಿತಳು. "ಏನೂ ನೋವಾಗಲ್ಲ" ಎಂದು ಆರಂಭಿಸಿದಳು. ನಾನು ತೋಳು ಬಿಗಿ ಹಿಡಿದೆ. "ಆ ಅಜ್ಜಿ ಮನೆಯೋರೂ ಈ ಫೋಟೋಗೆ ಕಾಯ್ತಾ ಇರ್ತಾರಲ್ವಾ? ನಿಮ್ಮ ನಲ್ಲಿ ಕಳೆದ್ರೆ ಹಿತ್ತಲಲ್ಲಿ ಇನ್ನೊಂದು ಸಲ ತೆಗೀಬಹುದು. ಆ ನಗು ಕಳೆದ್ರೆ ಅವರು ಎಲ್ಲಿಂದ ತರ್ತಾರೆ?"

ನನಗೆ ಈ ಪ್ರಶ್ನೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಎರಡು ವಾರ ನಾನು ಕಳೆದುಹೋದ ನನ್ನ ರೋಲಿನ ಬಗ್ಗೆ ಅತ್ತಿದ್ದೆ, ಸಿಕ್ಕ ಕಪ್ಪಿನ ಬಗ್ಗೆ ಅಂಜಿದ್ದೆ, ಇನ್ನೊಬ್ಬರ ರೋಲೂ ಕಳೆದಿದೆಯೆಂದು ಯೋಚಿಸಿರಲಿಲ್ಲ.

ನೆಗೆಟಿವ್ ನೋಡುವ ಭೂತಗನ್ನಡಿ ಹಿಡಿದು ಮೂವತ್ತಾರನ್ನೂ ಅಕ್ಷರ ಅಕ್ಷರ ಓದಿದಂತೆ ಓದಿದೆ. ಹನ್ನೆರಡರಲ್ಲಿ ಗೋಡೆಗೆ ತೂಗುಹಾಕಿದ ರಿಮ್ಮುಗಳು. ಹತ್ತೊಂಬತ್ತರಲ್ಲಿ ಹೆಬ್ಬೆರಳಿನ ಪಕ್ಕ ಬೋರ್ಡಿನ ತುಂಡು, ಅದರಲ್ಲಿ '…ಕ್ಚರ್ ಹಾಕಲಾಗು…' ಎಂಬಷ್ಟು ಅಕ್ಷರ. ಪಂಕ್ಚರಿನ ಅಂಗಡಿ! ಶನಿವಾರ ರಜೆ ಹಾಕಿ ಊರಿನ ಸೈಕಲ್ ಅಂಗಡಿಗಳನ್ನು ಒಂದೊಂದಾಗಿ ಸುತ್ತಿದೆ. ನಾಲ್ಕನೆಯದರ ಮುಂದೆ, ಹಳೆಯ ಟೈರುಗಳ ರಾಶಿಯ ಪಕ್ಕದ ಸ್ಟೂಲಿನ ಮೇಲೆ, ಬಾಯಿ ಬಿಗಿದುಕೊಂಡು ಕುಳಿತಿದ್ದರು ನಮ್ಮ ದೊಡ್ಡಮ್ಮ.

ಅಂಗಡಿ ನಡೆಸುವವರು ಅವರ ಸೊಸೆ. ಐವತ್ತೈದರ ಆಸುಪಾಸಿನ, ಕೈಗೆಲ್ಲ ಗ್ರೀಸು ಮೆತ್ತಿದ, ಬೀದಿಯವರೆಲ್ಲ 'ಸೈಕಲ್ ಅಕ್ಕ' ಎಂದು ಕರೆಯುವ ಹೆಂಗಸು. ನಾನು ಲಕೋಟೆ ಮುಂದೆ ಹಿಡಿದದ್ದೇ ತಡ, ಅವರು ಒಳಗಿನಿಂದ ಇನ್ನೊಂದು ಲಕೋಟೆ ತಂದರು. ನನ್ನ ಮುಖವನ್ನು ಸೂಕ್ಷ್ಮವಾಗಿ ನೋಡಿ, "ಅಯ್ಯೋ, ಇವು ನಿಮ್ದಾ ಅಣ್ಣಾ? ಮನೇಲಿ ಎಲ್ಲಾ ಚೆನ್ನಾಗಿದಾರಾ? ಒಂದ್ರಲ್ಲೂ ಮನುಷ್ಯರಿಲ್ವಲ್ಲ, ಯಾರೋ ಪಾಪ ಎಲ್ಲರನ್ನೂ ಕಳ್ಕೊಂಡೋರದ್ದು ಅಂತ ನಮ್ಮತ್ತೆ ಎರಡು ದಿನ ಬೇಜಾರು ಮಾಡ್ಕೊಂಡಿದ್ರು" ಎಂದರು. ಆಮೇಲೆ ನನ್ನ 'ಮೌನ–೭' ಅನ್ನು ಎತ್ತಿ ತೋರಿಸಿ, ಮೆಲ್ಲಗೆ, ಮನೆಯವರಿಗೆ ಹೇಳುವಂತೆ ಹೇಳಿದರು: "ಈ ನಲ್ಲೀಗೆ ವಾಷರ್ ಹೋಗಿದೆ ಅಣ್ಣಾ. ನೋಡಿ, ತುದೀಲಿ ಹನಿ ನಿಂತಿದೆ." ನೋಡಿದೆ. ನಿಂತಿತ್ತು. ನಾಲ್ಕು ಭಾನುವಾರ ಅದನ್ನೇ ನೋಡಿದ ನನಗೆ ನೆರಳು ಕಂಡಿತ್ತೇ ಹೊರತು ಹನಿ ಕಂಡಿರಲಿಲ್ಲ.

ಅವರ ಕಥೆ ಇಷ್ಟು. ಗುಜರಿಯಲ್ಲಿ ಒಂದು ಚರ್ಮದ ಚೀಲ ಸಿಕ್ಕಿತ್ತು. ಸ್ಪ್ಯಾನರು ಇಟ್ಟುಕೊಳ್ಳಲು ಚೆನ್ನಾಗಿದೆಯೆಂದು ತಂದರೆ ಒಳಗೊಂದು ಕ್ಯಾಮೆರಾ. ಬಿಚ್ಚಿ, ಎಣ್ಣೆ ಬಿಟ್ಟು, ಮತ್ತೆ ಜೋಡಿಸಿದರು. ನಡೆಯುತ್ತದೋ ಇಲ್ಲವೋ ನೋಡೋಣವೆಂದು ಒಂದು ರೋಲು ಹಾಕಿದರು. ಅತ್ತೆಗೆ ಮೂರು ತಿಂಗಳ ಹಿಂದೆ ಉಳಿದಿದ್ದ ಹಲ್ಲುಗಳನ್ನೆಲ್ಲ ಕಿತ್ತಿದ್ದರಂತೆ. ಅಂದಿನಿಂದ ಅವರು ಬಾಯಿಗೆ ಸೆರಗು ಅಡ್ಡ ಹಿಡಿಯದೆ ಮಾತನಾಡಿರಲಿಲ್ಲ, ನಕ್ಕಿರಲೂ ಇಲ್ಲ. ರೋಲು ಹಾಕಿದ ದಿನ, ರಿಪೇರಿಗೆ ಬಂದಿದ್ದ ಮಕ್ಕಳ ಸೈಕಲ್ಲು ಗಟ್ಟಿಯಾಯಿತೋ ಇಲ್ಲವೋ ಎಂದು ಅಜ್ಜಿಯ ಮಗ ಪರೀಕ್ಷಿಸಲು ಹೋಗಿ ಸಿಕ್ಕಿಹಾಕಿಕೊಂಡಾಗ, "ಏಳೋ ಕೋಣ, ನಾನು ಕೂತು ತೋರಿಸ್ತೀನಿ" ಎಂದು ಅತ್ತೆಯೇ ಹತ್ತಿ ಕುಳಿತರು. ಕುಳಿತ ಮೇಲೆ ನಗು ತಡೆಯಲಿಲ್ಲ. "ಆ ಒಂದು ಫೋಟೋಗೋಸ್ಕರ ಮೂರು ಸಲ ಲ್ಯಾಬಿಗೆ ಹೋದೆ ಅಣ್ಣಾ. ಚೆನ್ನಾಗಿ ನೆನಪು ಮಾಡ್ಕೊಳ್ಳಿ, ನಲ್ಲಿ ನೀವೇ ತೆಗೆದಿರ್ತೀರ ಅಂದ್ರು" ಎಂದು ಸೈಕಲ್ ಅಕ್ಕ ಹೇಳುವಾಗ ಅವರ ಕಣ್ಣು ತುಂಬಿತ್ತು.

ಒಂದೇ ವಾರದಲ್ಲಿ ಇಬ್ಬರು ಬಂದು ಒಂದೇ ದೂರನ್ನು ಹೇಳಿದರೂ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಪ್ರಲೋಭನೆಗೆ ಬಲಿಯಾಗದ ತಮ್ಮ ಸಂಸ್ಥೆಯ ಆತ್ಮಸಂಯಮವನ್ನು ಎಷ್ಟು ಹೊಗಳಿದರೂ ಸಾಲದು.

ಅಲ್ಲಿಗೆ ನನ್ನ ಗಂಟಲಲ್ಲಿ ಬಿಸಿತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ಉಗುಳಿದೆ. ಸಂಘದ ಹಾಲು, ಬಹುಮಾನದ ಕಪ್ಪು, ಮುನ್ನೂರು ಪ್ರತಿ, ದೊಡ್ಡಮ್ಮ, ಎಲ್ಲ. ಸೈಕಲ್ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದರು. ಅದು ನಗುವೋ ಗಾಬರಿಯೋ ತಿಳಿಯಲಿಲ್ಲ. ಅಜ್ಜಿ ಮಾತ್ರ ಸ್ಟೂಲಿನಿಂದ ಎದ್ದು ನಿಂತರು. ಆ ವಾರವಷ್ಟೇ ಅವರಿಗೆ ಹೊಸ ಹಲ್ಲಿನ ಸೆಟ್ಟು ಬಂದಿತ್ತು. ಮಾತಿನ ನಡುವೆ ಅದು ಟಕಟಕ ಎನ್ನುತ್ತಿತ್ತು. "ನನ್ನ ಬೋಳು ಬಾಯಿನ ಊರಿಗೆಲ್ಲ ತೋರಿಸಿದ್ಯಾ? ಹಲ್ಲಿದ್ದಾಗ ಒಬ್ಬನೂ ಒಂದು ಫೋಟೋ ತೆಗೀಲಿಲ್ಲ, ಹಲ್ಲು ಹೋದ್ಮೇಲೆ ಕಪ್ಪು ಬಂತಾ?" ಎಂದು ಗದರಿದರು. ನಾನು ತಲೆ ತಗ್ಗಿಸಿದೆ. ಆಮೇಲೆ ದನಿ ತಗ್ಗಿಸಿ, "ಎಷ್ಟು ಜನ ನೋಡಿದ್ರು?" ಎಂದರು. ಸುಮಾರು ನಾನೂರು ಎಂದೆ. "ಏನಂದ್ರು?" ಬಹಳ ಚೆನ್ನಾಗಿದೆ ಅಂದರು, ಒಬ್ಬರಂತೂ ಅರ್ಧ ಗಂಟೆ ನಿಂತಿದ್ದರು ಎಂದೆ. ಅಜ್ಜಿ ಮತ್ತೆ ಸ್ಟೂಲಿನ ಮೇಲೆ ಕುಳಿತು, ಬೀದಿಯ ಕಡೆ ನೋಡುತ್ತ, ಯಾರಿಗೂ ಅಲ್ಲವೆಂಬಂತೆ ಕೇಳಿದರು: "ಬೋಳು ಬಾಯೇ ಚೆನ್ನಾಗಿದೆ ಅಂದ್ರಾ?"

ಭಾನುವಾರ ಸಂಘದ ಹಾಲು ಜನರಿಂದ ತುಂಬಿತ್ತು. ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ, ಅವಳ ಪಕ್ಕ ಎಷ್ಟು ತೊಳೆದರೂ ಗ್ರೀಸು ಹೋಗದ ಕೈಗಳ ಸೈಕಲ್ ಅಕ್ಕ, ಅವರ ಪಕ್ಕ ಅಜ್ಜಿ. ನಾನು ಕಪ್ಪನ್ನು ಕೈಯಲ್ಲಿ ಹಿಡಿದೇ ಮೈಕಿನ ಮುಂದೆ ನಿಂತು, "ಈ ಚಿತ್ರ ನನ್ನದಲ್ಲ" ಎಂದೆ. ತಕ್ಷಣ ತೀರ್ಪುಗಾರರು ಎದ್ದು ನಿಂತು, "ಆಹಾ! ಎಂಥ ಮಾತು! ಯಾವ ಚಿತ್ರ ತಾನೇ ನಮ್ಮದು?" ಎಂದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಇಲ್ಲ, ಇದನ್ನು ನಾನು ತೆಗೆದೇ ಇಲ್ಲ ಎಂದೆ. "ಅದು ತಾನೇ ತೆಗೆಸಿಕೊಂಡಿದೆ" ಎಂದು ಹಿಂದಿನ ಸಾಲಿನಿಂದ ಯಾರೋ ತತ್ತ್ವಜ್ಞಾನಿ ಸೇರಿಸಿದರು. ಲ್ಯಾಬಿನವರು ಅದಲುಬದಲು ಮಾಡಿದ್ದಾರೆ ಎಂದೆ. ಅದಕ್ಕೆ ಇನ್ನೂ ಜೋರಾದ ಚಪ್ಪಾಳೆ. ಮಾನ್ಯರೇ, ಇಪ್ಪತ್ತೊಂದು ವರ್ಷ ನಾನು ಕಲೆ ಕೊಟ್ಟಾಗ ಯಾರೂ ಒಪ್ಪಲಿಲ್ಲ, ಈಗ ಸತ್ಯ ಕೊಟ್ಟರೆ ಅದನ್ನೇ ಕಲೆಯೆಂದು ಒಪ್ಪಿದರು!

ಆಗ ಅಜ್ಜಿ ಎದ್ದರು. ಸೊಸೆ ಸೆರಗು ಹಿಡಿದು ಎಳೆದರೂ ಬಿಡದೆ ವೇದಿಕೆ ಹತ್ತಿದರು, ನನ್ನನ್ನು ಮೊಣಕೈಯಿಂದ ಸರಿಸಿದರು. "ನಾನು ಇವನ ದೊಡ್ಡಮ್ಮ ಅಲ್ಲ. ಇವನು ಯಾರೋ ನನಗೆ ಗೊತ್ತಿಲ್ಲ, ನಿನ್ನೆ ಬಂದೋನು. ಫೋಟೋ ತೆಗೆದದ್ದು ನನ್ನ ಸೊಸೆ" ಎಂದರು. ಜನ ಅಜ್ಜಿಯ ಮುಖವನ್ನೂ ಗೋಡೆಯ ಮುಖವನ್ನೂ ಹೋಲಿಸಿ ನೋಡಿ ಅನುಮಾನದಿಂದ ತಲೆ ಅಲ್ಲಾಡಿಸಿದರು. ಗೋಡೆಯ ಮೇಲಿನವರಿಗೆ ಹಲ್ಲಿರಲಿಲ್ಲ, ಇವರಿಗೆ ಮೂವತ್ತೆರಡೂ ಫಳಫಳ ಹೊಳೆಯುತ್ತಿದ್ದವು. ಅಜ್ಜಿಯ ಕೈ ಸೆರಗಿನ ತುದಿಯನ್ನು ಹಿಡಿದು ಬಾಯಿಯವರೆಗೆ ಬಂದದ್ದನ್ನು, ಅಲ್ಲೇ ನಿಂತು ಮತ್ತೆ ಕೆಳಗಿಳಿದದ್ದನ್ನು ಪಕ್ಕದಲ್ಲೇ ಇದ್ದ ನಾನು ಕಂಡೆ. ಆಮೇಲೆ ಅವರು ಎಲ್ಲರೆದುರಿಗೆ ಹಲ್ಲಿನ ಸೆಟ್ಟನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ನಾನೂರು ಜನರ ಕಡೆ ತಿರುಗಿ, ಬಾಯಿ ಪೂರ್ತಿ ತೆರೆದು ನಕ್ಕರು.

ಚಪ್ಪಾಳೆ ಯಾರೂ ತಟ್ಟಲಿಲ್ಲ. ಮೊದಲು ನನ್ನ ಹೆಂಡತಿ ನಕ್ಕಳು, ಆಮೇಲೆ ಸೈಕಲ್ ಅಕ್ಕ, ಆಮೇಲೆ ಇಡೀ ಹಾಲು. ನಾನು ಒಂದು ಕೈಯಲ್ಲಿ ಕಪ್ಪು, ಇನ್ನೊಂದು ಕೈಯಲ್ಲಿ ಹಲ್ಲು ಹಿಡಿದು ನಿಂತಿದ್ದೆ. ಯಾವುದನ್ನು ಯಾರಿಗೆ ಕೊಡಬೇಕೆಂಬುದರಲ್ಲಿ ಅಂದು ಮಾತ್ರ ನಾನು ಅದಲುಬದಲು ಮಾಡಲಿಲ್ಲ. ಸದಸ್ಯರಲ್ಲದವರಿಗೆ ಕಪ್ಪು ಕೊಡಬಹುದೇ ಎಂದು ಕಾರ್ಯದರ್ಶಿಗಳು ಇನ್ನೂ ನಿಯಮಾವಳಿಯನ್ನು ಅಳೆಯುತ್ತಿದ್ದಾರೆ. ಅಷ್ಟರಲ್ಲಿ ಸೈಕಲ್ ಅಕ್ಕ ಅದರಲ್ಲಿ ಟ್ಯೂಬಿನ ವಾಲ್ವುಗಳನ್ನು ಹಾಕಿಟ್ಟಿದ್ದಾರೆ.

ನನ್ನನ್ನು ಸಂಘದಿಂದ ತೆಗೆಯಲಿಲ್ಲ. ಆದರೆ ಅಜ್ಜಿ ದಂಡ ವಿಧಿಸಿದರು: ಹಲ್ಲಿನ ಸೆಟ್ಟು ಹಾಕಿಕೊಂಡ, ಬಾಯಿ ಮುಚ್ಚಿದ, ಗಂಭೀರವಾದ ಒಂದು ಫೋಟೋವನ್ನು ನಾನೇ ತೆಗೆದುಕೊಡಬೇಕು. ಕಳೆದ ಶನಿವಾರ ಹೆಂಡತಿಯೊಂದಿಗೆ ಹೋದೆ. ಐವತ್ತು ಮಿಲಿಮೀಟರಿನ ಲೆನ್ಸಿನಲ್ಲಿ ಮುಖ ತುಂಬಬೇಕಾದರೆ ಎಷ್ಟು ಹತ್ತಿರ ಹೋಗಬೇಕೆಂಬುದು ನನಗೆ ಗೊತ್ತೇ ಇರಲಿಲ್ಲ. ಒಬ್ಬರ ಉಸಿರು ಕೇಳುವಷ್ಟು ಹತ್ತಿರ. ಅಜ್ಜಿ ಸೀನಿದರು, ಬೈದರು, ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತನಾಡಿಸಿದರು. ಹನ್ನೊಂದು ಚಿತ್ರ ಹಾಳಾದ ಮೇಲೆ, ಅವರ ಸೆರಗು ಸರಿಪಡಿಸಲು ಬಂದ ನನ್ನ ಹೆಂಡತಿ ಒಮ್ಮೆ ಲೆನ್ಸಿನ ಕಡೆ ತಿರುಗಿ, "ಇನ್ನೂ ಎಷ್ಟು ಹೊತ್ತು ರೀ?" ಎಂದಳು. ನಾನು ಬೆಳಕು ಅಳೆಯಲಿಲ್ಲ, ನೆರಳು ನೋಡಲಿಲ್ಲ. ಒತ್ತಿಬಿಟ್ಟೆ. ಅವಳು ಕಣ್ಣು ಮುಚ್ಚಿದ್ದಳೆಂದೇ ನನ್ನ ಅಂದಾಜು.

ಆ ರೋಲು ಈಗ ತಮ್ಮ ವಶದಲ್ಲಿದೆ. ಆದ್ದರಿಂದ ಕೆಲವು ವಿನಮ್ರ ಬೇಡಿಕೆಗಳು. ಊರಿನಲ್ಲಿ ಹಂಚಿಹೋದ ಮುನ್ನೂರು ಪತ್ರಿಕೆಗಳನ್ನು ತಾವು ಮನೆಮನೆಗೆ ಹೋಗಿ, ತಮ್ಮದೇ ವಿಶಿಷ್ಟ ವಿಧಾನದಿಂದ ಬೇರೆ ಯಾವುದಾದರೂ ಪತ್ರಿಕೆಗಳೊಂದಿಗೆ ಅದಲುಬದಲು ಮಾಡಿಕೊಡಬೇಕು. ವೇದಿಕೆಯ ಮೇಲೆ ನನ್ನ ಬಾಯಿಂದ ಹೊರಬಿದ್ದ "ಧನ್ಯವಾದ"ವನ್ನು ಹುಡುಕಿ, ತೊಳೆದು, ಹಿಂದಿರುಗಿಸಬೇಕು. ಇನ್ನು ತಮ್ಮ ಕೌಂಟರಿನ ಮಹನೀಯರಿಗೆ ವಿಜ್ಞಾಪನೆ: ಈ ಸಲ ಇಪ್ಪತ್ಮೂರನೆಯದಲ್ಲ, ಹನ್ನೆರಡನೆಯ ಚಿತ್ರ. ಅದರಲ್ಲಿರುವವರ ಒಂದು ಕೆನ್ನೆಯ ಮೇಲೆ ಸಣ್ಣ ಮಚ್ಚೆ ಇದೆ, ಹುಬ್ಬು ಗಂಟಿಕ್ಕಿದೆ. ಅದನ್ನು ತೆಗೆದದ್ದು ನಾನೇ ಎಂಬುದು ನನಗೆ ಚೆನ್ನಾಗಿ ನೆನಪಿದೆ, ದಯವಿಟ್ಟು ಪರೀಕ್ಷಿಸಬೇಡಿ. ಅದೊಂದನ್ನು ನನ್ನ ಮನೆಗೇ ಕಳುಹಿಸಿಕೊಡಿ. ಅದು ಎಷ್ಟೇ ಅಸ್ಪಷ್ಟವಾಗಿರಲಿ, ಕಣ್ಣು ಮುಚ್ಚಿರಲಿ, ಓರೆಯಾಗಿರಲಿ, ಈ ಒಂದು ಕರಡನ್ನು ನಾನು ತಿದ್ದುವುದಿಲ್ಲ.

ಇಷ್ಟಾದರೂ ರೋಲನ್ನು ಮತ್ತೆ ತಮ್ಮ ಕೈಗೇ ಒಪ್ಪಿಸಿರುವ, ಬೇರೆ ಗತಿಯಿಲ್ಲದ,

ತಮ್ಮ ವಿಶ್ವಾಸಿ,
ಚೀಟಿ ನಂಬರು ೪೧೮
(ಅಥವಾ ತಮ್ಮಲ್ಲಿ ಆ ನಂಬರಿಗೆ ಇಂದು ಯಾರಿದ್ದಾರೋ ಅವರು)

ವಿ.ಸೂ.: ನೇರವಾಗಿ ತಮಗೇ ಕೊಡಬಹುದಾಗಿದ್ದ ಈ ಪತ್ರವನ್ನು ಬಹಿರಂಗ ಪತ್ರವಾಗಿ ಪ್ರಕಟಿಸಿದ್ದೇಕೆಂದು ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ತಮ್ಮ ಕೌಂಟರಿನಲ್ಲಿ ಕೊಟ್ಟರೆ ಅದು ಇನ್ಯಾರದೋ ಮನೆ ಸೇರುತ್ತದೆ; ಊರಿಗೆಲ್ಲ ಕೊಟ್ಟರೆ ಅವರ ನಡುವೆ ತಮಗೂ ಒಂದು ಸಿಕ್ಕೀತೆಂಬ ಆಸೆ.